ಸೈರನ್ ಕೂಗಿದ್ರೆ ಫೋನ್ ಕೆಳಗಿಡಬಹುದು, ಪುಸ್ತಕ ಎಲ್ಲಿಂದ ತರೋದು?

ಯಲ್ದೂರು: ಬೆಳಗಾವಿಯ ಸುವರ್ಣ ವಿಧಾನಸೌಧದ ಪಕ್ಕದಲ್ಲೇ ಇರುವ ಹಲಗಾ ಗ್ರಾಮದಲ್ಲಿ 2025ರ ಡಿಸೆಂಬರ್‌ನಲ್ಲಿ ಒಂದು ಹೊಸ ನಿಯಮ ಶುರುವಾಯ್ತು. ಸಂಜೆ 7 ಗಂಟೆಗೆ ಸೈರನ್ ಕೂಗುತ್ತೆ. ಅಲ್ಲಿಂದ 9 ಗಂಟೆವರೆಗೆ ಮನೆಗಳಲ್ಲಿ ಟಿವಿ ಇಲ್ಲ, ಮೊಬೈಲ್ ಇಲ್ಲ. ಮಕ್ಕಳು ಓದಬೇಕು, ದೊಡ್ಡವರು ಅವರ ಜೊತೆ ಕೂರಬೇಕು. ಇದಕ್ಕೆ ದಾರಿ ತೋರಿಸಿದ್ದು ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಗಳು. ಅಲ್ಲಿನ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದಲೇ ಸಂಜೆ ಏಳರಿಂದ ಎಂಟೂವರೆವರೆಗೆ ಇದೇ ಪದ್ಧತಿ ನಡೆದಿದೆ.

ಅದೇ ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಖಾತೆ ಇರಬಾರದು ಅನ್ನೋ ಕಾನೂನೂ ಜಾರಿಗೆ ಬಂತು. ಒಂದು ಕಡೆ ದೇಶವೇ ಕಾನೂನು ಮಾಡ್ತಿದೆ, ಇನ್ನೊಂದು ಕಡೆ ಹಳ್ಳಿಯವರು ಸೈರನ್ ಹಾಕ್ಕೊಂಡಿದ್ದಾರೆ. ಕಷ್ಟ ಎರಡೂ ಕಡೆ ಒಂದೇ.

ಹಲಗಾದ ಸುದ್ದಿ ನಮ್ಮ ತಾಲೂಕಿನ ವಾಟ್ಸಾಪ್ ಗ್ರೂಪ್‌ಗಳಲ್ಲೂ ಓಡಾಡ್ತು, ವಿಡಿಯೋ ರೂಪದಲ್ಲಿ. 'ನಮ್ಮೂರಲ್ಲೂ ಹಿಂಗೆ ಮಾಡ್ಬೇಕು' ಅಂತ ಕೈ ಮುಗಿಯೋ ಗುರುತು ಹಾಕಿದವರು ಬಹಳ ಜನ. ಹಾಕಿದ್ದು ರಾತ್ರಿ ಎಂಟು ಗಂಟೆ ಮೇಲೆ ಅನ್ನೋದು ಬೇರೆ ಮಾತು.

ಮಾಡಬೇಕು ಅನ್ನೋದು ಸರಿ. ಆದ್ರೆ ಯಲ್ದೂರು ಹೋಬಳಿಯಲ್ಲಿ, ಶ್ರೀನಿವಾಸಪುರ ಪೇಟೆಯಲ್ಲಿ ಸಂಜೆ ಏಳು ಗಂಟೆ ಅಂದ್ರೆ ಏನು ಅಂತ ಒಂದ್ಸಲ ನೋಡಿ. ಡೇರಿಗೆ ಹಾಲು ಹಾಕಿ ಜನ ಮನೆ ಕಡೆ ಬರ್ತಿರ್ತಾರೆ. ಬರೋ ದಾರಿಯಲ್ಲೇ ಅಂಗಡಿಗೆ ನುಗ್ತಾರೆ. ದಿನಸಿ ಅಂಗಡಿ, ಮೆಡಿಕಲ್, ಬೇಕರಿ, ಚಿಕನ್ ಅಂಗಡಿ ಎಲ್ಲಕ್ಕೂ ಅದೇ ವ್ಯಾಪಾರದ ಹೊತ್ತು. ನರಸಾಪುರದ ಕಂಪನಿಗಳಿಗೆ ಹೋದ ಹುಡುಗ ಹುಡುಗಿಯರ ಬಸ್ಸು ಶಿಫ್ಟ್ ಪ್ರಕಾರ ಬರುತ್ತೆ, ಸೈರನ್ ಪ್ರಕಾರ ಅಲ್ಲ. ಮಾವಿನ ಕಾಲದಲ್ಲಂತೂ ಮಂಡಿಗಳಲ್ಲಿ ಹಗಲು ರಾತ್ರಿ ವ್ಯತ್ಯಾಸವೇ ಇರಲ್ಲ. ಇನ್ನು ಅಂಗಡಿಯವರಿಗೆ ಫೋನೇ ಗಲ್ಲಾಪೆಟ್ಟಿಗೆ. ದುಡ್ಡು ಬಂತು ಅಂತ ಡಬ್ಬಿ ಕೂಗಿದ್ರೂ ಫೋನಲ್ಲಿ ಒಂದ್ಸಲ ನೋಡಿದ ಮೇಲೇ ಸಾಮಾನು ಕೊಡೋದು. ಅವರಿಗೆ ಏಳರಿಂದ ಒಂಬತ್ತು ಫೋನ್ ಆಫ್ ಮಾಡಿ ಅಂದ್ರೆ ಶಟರ್ ಎಳೀರಿ ಅಂದ ಹಾಗೆ.

ಅದೇ ಅಂಗಡಿ ಒಳಗೆ, ಅಕ್ಕಿ ಮೂಟೆ ಮೇಲೆ, ಅವರ ಮಗನೋ ಮಗಳೋ ಕೂತಿರುತ್ತೆ. ಸ್ಕೂಲಿಂದ ನೇರವಾಗಿ ಬಂದಿರುತ್ತೆ. ಅಪ್ಪ ಅಮ್ಮ ಇಬ್ಬರೂ ವ್ಯಾಪಾರದಲ್ಲಿ. ಮಗು ಗಲಾಟೆ ಮಾಡಬಾರದು ಅಂತ ಹಳೇ ಫೋನ್ ಒಂದು ಕೈಗೆ. ಇದಕ್ಕೆ ತಂದೆತಾಯಿಯನ್ನ ಬೈಯೋದು ಸುಲಭ, ನನಗೆ ಮನಸ್ಸಿಲ್ಲ. ಆ ಎರಡು ಗಂಟೆ ಮಗುವನ್ನ ನೋಡ್ಕೊಳ್ಳೋಕೆ ಈ ಊರಲ್ಲಿ ಫೋನ್ ಬಿಟ್ರೆ ಇನ್ನೇನು ಇಟ್ಟಿದ್ದೀವಿ? ಸೈರನ್ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದೇ.

ಅಸರ್ ವರದಿ ಅಂತ ದೇಶದ ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ಒಂದು ಸಮೀಕ್ಷೆ ಬರುತ್ತೆ. 2024ರ ವರದಿಯಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಹಂಗೆ ಬರೋವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಫೋನ್ ಹಿಡಿದವರು 57, ಸೋಶಿಯಲ್ ಮೀಡಿಯಾಗೆ ಹಿಡಿದವರು 76. ಅದೇ ವರದಿ ಪ್ರಕಾರ ಸರ್ಕಾರಿ ಶಾಲೆಯ ಐದನೇ ಕ್ಲಾಸ್ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಸರಾಗವಾಗಿ ಓದೋರು ಶೇ 44.8. ಅಂದ್ರೆ ಅರ್ಧಕ್ಕಿಂತ ಕಡಿಮೆ. ಇದು ದೇಶದ ಲೆಕ್ಕ. ಫೋನ್ ಬರೋದಕ್ಕೆ ಮೊದಲೂ ಓದು ಕುಂಟುತ್ತಲೇ ಇತ್ತು ಅನ್ನೋದನ್ನೂ ಇಲ್ಲಿ ಮರೀಬಾರದು. ಫೋನ್ ಕಿತ್ಕೊಂಡ ತಕ್ಷಣ ಓದು ಬಂದು ಬಿಡಲ್ಲ. ಓದೋಕೆ ಬಾರದ ಮಗುವಿಗೆ ಸಂಜೆ ಏಳಕ್ಕೆ ಸೈರನ್ ಕೂಗಿದ್ರೆ, ಅದು ಎರಡು ಗಂಟೆ ಗೋಡೆ ನೋಡ್ಕೊಂಡು ಕೂರುತ್ತೆ ಅಷ್ಟೇ.

ನೋಟಿಸ್ ಬಂದಾಗ ಓದಿದ್ದು ಯಾರು?

ಓದು ಅಂದ್ರೆ ಪುರುಸೊತ್ತು ಇದ್ದೋರ ಹವ್ಯಾಸ, ನಮಗ್ಯಾಕೆ ಅನ್ನೋ ಅಂಗಡಿಯವರಿಗೆ 2025ರ ಜುಲೈ ನೆನಪಿಸ್ತೀನಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡ್ಕೊಂಡು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಅಂತ ಬಂದಿದ್ದು ಎಲ್ಲರ ಬಾಯಲ್ಲೂ ಓಡಾಡ್ತು. 'ಯುಪಿಐ ಇಲ್ಲ, ಕ್ಯಾಷ್ ಮಾತ್ರ' ಅಂತ ಬೋರ್ಡ್‌ಗಳು ಬಿದ್ವು. ಕೊನೆಗೆ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ನೋಂದಣಿ ಮಾಡಿಸ್ಕೊಳ್ಳಿ ಅಂದ್ರು.

ಆ ಎರಡು ವಾರ ನಾನು ಸುತ್ತಿದ ಅಂಗಡಿಗಳಲ್ಲಿ ಒಂದು ವಿಷಯ ಗಮನಿಸಿದೆ. ಎಲ್ಲರ ಹತ್ರಾನೂ ಜಿಎಸ್‌ಟಿ ಬಗ್ಗೆ ವಿಡಿಯೋ ಇತ್ತು. ಯುಪಿಐ ಮೇಲೇ ಟ್ಯಾಕ್ಸ್ ಬಂತು ಅಂತ ಒಂದು, ಬ್ಯಾಂಕಲ್ಲಿರೋ ದುಡ್ಡೆಲ್ಲ ಎಳ್ಕೊಳ್ತಾರೆ ಅಂತ ಇನ್ನೊಂದು. ನಿಜಕ್ಕೂ ವಿಷಯ ಇದ್ದಿದ್ದು ಇಷ್ಟು: ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ವಹಿವಾಟು ದಾಟಿದ್ರೆ ನೋಂದಣಿ ಬೇಕು. ತಾಜಾ ತರಕಾರಿ, ಹಾಲಿನಂಥವಕ್ಕೆ ತೆರಿಗೆಯೇ ಇಲ್ಲ. ನೋಟಿಸ್ ಬಂದೋರು ಅದಕ್ಕೆ ಉತ್ತರ ಕೊಡಬಹುದು. ಇದನ್ನ ಕುಳಿತು ಓದಿ ತಿಳ್ಕೊಳ್ಳೋಕೆ ಅರ್ಧ ಗಂಟೆ ಬೇಕಿತ್ತು. ವಿಡಿಯೋ ನೋಡೋಕೆ ಹೋದದ್ದು ಎರಡು ವಾರದ ನಿದ್ದೆ.

ಅಕ್ಷರ ಬಾರದೋರ ಕಥೆ ಅಲ್ಲ ಇದು. ಪಿಯುಸಿ, ಡಿಗ್ರಿ ಓದಿದ ಅಂಗಡಿ ಮಾಲೀಕರೇ ನಾಲ್ಕು ಪುಟ ಒಟ್ಟಿಗೆ ಓದೋ ದಮ್ಮು ಕಳ್ಕೊಂಡಿದ್ದಾರೆ. ಅಕ್ಷರ ಗೊತ್ತಿರೋದು ಬೇರೆ, ಒಂದೇ ವಿಷಯದ ಮೇಲೆ ಇಪ್ಪತ್ತು ನಿಮಿಷ ಕೂರೋದು ಬೇರೆ. ಎರಡನೇದು ಕುಸ್ತಿ ಥರ, ದಿನಾ ಮಾಡಿದ್ರೆ ಮಾತ್ರ ಉಳಿಯುತ್ತೆ. ಸಾಲದ ಪತ್ರ, ಜಮೀನಿನ ಕರಾರು, ಮಂಡಿ ಲೆಕ್ಕ, ಇನ್ಶೂರೆನ್ಸ್ ಷರತ್ತು, ಎಲ್ಲವೂ ಈ ದಮ್ಮನ್ನೇ ಕೇಳೋದು. ಕಥೆ ಪುಸ್ತಕ ಓದಿದ್ರೆ ಸಾಲದ ಪತ್ರ ಓದೋಕೆ ಬರುತ್ತಾ ಅಂತ ಒಬ್ಬ ಸ್ನೇಹಿತ ನಕ್ಕ. ಬರುತ್ತೆ ಅಂತಲೇ ನನ್ನ ವಾದ. ಕಥೆ ಓದೋಕೆ ಕೂರದವನು ಷರತ್ತು ಓದೋಕೆ ಕೂರೋದು ನಾನಂತೂ ನೋಡಿಲ್ಲ.

ಫೋನ್ ತೆಲುಗು ಮಾತಾಡುತ್ತೆ

ನಮ್ಮ ಕಡೆಗೆ ಇನ್ನೊಂದು ತೊಡಕಿದೆ. ಬೆಂಗಳೂರಲ್ಲಿ ಕೂತು ಮೊಬೈಲ್ ಚಟದ ಬಗ್ಗೆ ಬರೆಯೋರಿಗೆ ಇದು ಕಾಣಲ್ಲ. ಶ್ರೀನಿವಾಸಪುರ ತಾಲೂಕಲ್ಲಿ, ಮುಳಬಾಗಿಲು ಕಡೆ ಬಹಳ ಮನೆಗಳ ಮಾತು ತೆಲುಗು. ಸ್ಕೂಲು ಕನ್ನಡ. ಫೋನ್ ಯಾವ ಭಾಷೆ? ರೀಲ್ಸು, ಸಿನಿಮಾ ತುಣುಕು, ಕಾಮಿಡಿ ಎಲ್ಲ ತೆಲುಗು. ಅಂದ್ರೆ ಫೋನ್ ಮಗುವಿನ ಜೊತೆ ಅಮ್ಮನ ಭಾಷೆಯಲ್ಲಿ ಮಾತಾಡುತ್ತೆ, ಪುಸ್ತಕ ಮೇಷ್ಟ್ರ ಭಾಷೆಯಲ್ಲಿ ಮಾತಾಡುತ್ತೆ. 'ಇಂಕಾ ಐದು ನಿಮಿಷಾಲು' ಅಂತ ಮಗು ಫೋನ್ ಬಿಡದೆ ಗೋಗರೆಯೋದಕ್ಕೆ ಇದೂ ಒಂದು ಕಾರಣ. ಬರೀ ಚಟ ಅಲ್ಲ, ಸಲಿಗೆ.

ಇದಕ್ಕೆ ಪರಿಹಾರ ಇಲ್ಲ ಅಂತ ಅಲ್ಲ. ನಮ್ಮ ಜಿಲ್ಲೆಯ ಮಾಲೂರು ತಾಲೂಕಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮನೆಯಲ್ಲಿ ಆಡ್ತಿದ್ದದ್ದು ತಮಿಳು. ಬರೆದದ್ದು ಕನ್ನಡ. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಅವರ ಕಾವ್ಯನಾಮ 'ಶ್ರೀನಿವಾಸ', ನಮ್ಮ ತಾಲೂಕಿನವರಿಗೆ ಅದೊಂದು ಸಣ್ಣ ಖುಷಿ ಇರಲಿ. ಮುಳಬಾಗಿಲಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿ ಅವರಿಗೆ ಹೈಸ್ಕೂಲೇ ಪೂರ್ತಿ ಆಗ್ಲಿಲ್ಲ. ಕೋಲಾರ ಗೋಲ್ಡ್ ಫೀಲ್ಡಿನ ಸೋಡಾ ಕಾರ್ಖಾನೆಯಲ್ಲೂ ಸ್ವಲ್ಪ ದಿನ ಕೆಲಸ ಮಾಡಿದ್ರು. ಆಮೇಲೆ ಪತ್ರಕರ್ತರಾದ್ರು, ಅವರು ಕಟ್ಟಿದ ಗೋಖಲೆ ಸಂಸ್ಥೆ ಬೆಂಗಳೂರಲ್ಲಿ ಈಗಲೂ ಇದೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥೋರು ಇದನ್ನ ಪದೇ ಪದೇ ಹೇಳ್ತಾ ಇರ್ತೀವಿ, ಬೇಜಾರು ಮಾಡ್ಕೋಬೇಡಿ.

ನನ್ನ ಅನುಭವ ಒಂದು ಹೇಳ್ತೀನಿ. ಸುದ್ದಿ ಕೆಲಸದಲ್ಲಿ ಇರೋದ್ರಿಂದ ನಾನು ಇಡೀ ದಿನ ಓದ್ತಾನೇ ಇರ್ತೀನಿ. ಪ್ರೆಸ್ ನೋಟ್, ಮೆಸೇಜ್, ಆದೇಶದ ಫೋಟೋ. ಯಾವುದೂ ಒಂದು ಪ್ಯಾರಾ ದಾಟಲ್ಲ. ಕಳೆದ ವರ್ಷ ಪಂಚಾಯಿತಿ ಲೈಬ್ರರಿಯೊಂದರಿಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ತಂದೆ. ಬೈಂಡಿಂಗ್ ಹೋಗಿತ್ತು, ಮಧ್ಯೆ ಯಾರೋ ಬಸ್ ಟಿಕೆಟ್ ಗುರುತು ಇಟ್ಟು ಮರ್ತಿದ್ರು. ಮೊದಲನೇ ದಿನ ಮೂರು ಪುಟಕ್ಕೆ ಕೈ ತಾನಾಗೇ ಜೇಬಿಗೆ ಹೋಗ್ತಿತ್ತು, ಫೋನ್ ಸದ್ದೇ ಮಾಡಿರಲಿಲ್ಲ. ಒಂದು ವಾರ ಬೇಕಾಯ್ತು ಕೈ ಸುಮ್ಮನಾಗೋಕೆ.

ಬದಲಾಗಿದ್ದು ನಾನು ಅದನ್ನ ಗಟ್ಟಿಯಾಗಿ ಓದೋಕೆ ಶುರು ಮಾಡಿದ ಮೇಲೆ. ಅಮ್ಮನಿಗೆ ಕನ್ನಡ ಅಕ್ಷರ ಬರಲ್ಲ, ಕೇಳಿದ್ರೆ ಅರ್ಥ ಆಗುತ್ತೆ. ರಾತ್ರಿ ಊಟ ಆದ್ಮೇಲೆ ಹತ್ತು ಪುಟ ಕನ್ನಡದಲ್ಲಿ ಓದೋದು, ಕಷ್ಟ ಅನ್ಸಿದ್ದನ್ನ ತೆಲುಗಲ್ಲಿ ಹೇಳೋದು. ಮೂಡಿಗೆರೆಯ ಕಾಡಲ್ಲಿ ಹಾರೋ ಓತಿಕ್ಯಾತ ಹುಡುಕ್ಕೊಂಡು ಹೋಗೋರ ಕಥೆ ಅದು. ಮಂದಣ್ಣನ ಜೇನು ಹುಚ್ಚು ಕೇಳಿ ಅಮ್ಮ ನಮ್ಮ ಸಂಬಂಧಿಕರೊಬ್ಬರ ಹೆಸರು ಹೇಳಿ ನಕ್ಕಳು. ಮಾರನೇ ದಿನ ನಾನು ರಿಪೋರ್ಟಿಂಗ್ ಮುಗಿಸಿ ತಡವಾಗಿ ಬಂದ್ರೆ ಬಾಗಿಲಲ್ಲೇ ಕೇಳಿದ್ದು, 'ಆ ಓತಿ ಸಿಕ್ಕಿಂದಾ ಲೇದಾ?' ಸೀರಿಯಲ್ ಹೊತ್ತಲ್ಲಿ ಟಿವಿ ಆಫ್ ಆಗಿತ್ತು. ಯಾರೂ ಆಫ್ ಮಾಡು ಅಂದಿರಲಿಲ್ಲ.

ಆಮೇಲೆ ಮಾಸ್ತಿ ಕಥೆಗಳನ್ನ ಓದಿದೆ. ಸಣ್ಣ ಸಣ್ಣ ಕಥೆ, ಎದುರಿಗೆ ಕೂತು ಹೇಳಿದ ಹಾಗಿರೋ ಮಾತು, ಗಟ್ಟಿ ಓದೋಕೆ ಹೇಳಿ ಮಾಡಿಸಿದಂಗಿವೆ. ಎಲ್ಲವೂ ಹಿಡಿಸ್ತು ಅಂತಲ್ಲ. ತುಂಬಾ ಹೊಗಳಿದ್ದ ಒಂದು ದಪ್ಪ ಕಾದಂಬರಿಯನ್ನ ಐವತ್ತನೇ ಪುಟಕ್ಕೆ ವಾಪಸ್ ಕೊಟ್ಟೆ. ಅದೂ ಓದುವವನ ಹಕ್ಕೇ.

ಬಾಗಿಲು ಎಷ್ಟೊತ್ತಿಗೆ ತೆಗೀತಾರೆ?

ಪುಸ್ತಕ ಎಲ್ಲಿಂದ ತರೋದು ಅನ್ನೋ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಇದೆ, ಅದೂ ಬೇರೆ ಬಹಳ ರಾಜ್ಯಗಳಿಗಿಂತ ಚೆನ್ನಾಗೇ ಇದೆ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಕೈಗೆ ಕೊಟ್ರು. ಈಗ ಅವೇ 'ಅರಿವು ಕೇಂದ್ರ'. ಕೊರೊನಾದಲ್ಲಿ ಸ್ಕೂಲ್ ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ, 'ಓದುವ ಬೆಳಕು' ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ರು. ಲಕ್ಷಗಟ್ಟಲೆ ಮಕ್ಕಳು ಸೇರಿದ್ರು. ದಾನಿಗಳಿಂದ ಪುಸ್ತಕ ಬಂತು, ಗೋಡೆಗೆ ಬಣ್ಣ ಬಂತು, ಹಲವು ಕಡೆ ಕಂಪ್ಯೂಟರ್, ಟಿವಿಯೂ ಬಂದ್ವು. ಸರ್ಕಾರದ ಕೆಲಸ ಅಂತ ಮೂಗು ಮುರಿಯೋ ಅಗತ್ಯ ಇಲ್ಲ, ಇದು ನಿಜವಾಗ್ಲೂ ಒಳ್ಳೇ ಕೆಲಸ.

ತೊಂದರೆ ಇರೋದು ಹೊತ್ತಿನಲ್ಲಿ. ನಾನು ಹೋದ ಕೇಂದ್ರಗಳಲ್ಲಿ (ಊರು ಬೇಡ, ಮೇಲ್ವಿಚಾರಕರಿಗೆ ಯಾಕೆ ತೊಂದರೆ) ಸಂಜೆ ಆರಕ್ಕೆ ಬೀಗ ಬಿದ್ದಿದ್ದೇ ಹೆಚ್ಚು. ಮಗು ಸ್ಕೂಲಿಂದ ಬಂದು ಮುಖ ತೊಳೆದು ಒಂದು ಲೋಟ ಕಾಫಿ ಕುಡಿಯೋ ಹೊತ್ತಿಗೆ ಲೈಬ್ರರಿ ಮುಚ್ಚೋ ಹೊತ್ತು. ಅಪ್ಪನ ಅಂಗಡಿಗೆ ಜನ ಬರೋ ಹೊತ್ತಿಗೆ ಲೈಬ್ರರಿ ಕತ್ತಲೆ. ಮಗುವಿಗೆ ಬೇಕಾಗಿರೋದು ಐದೂವರೆಯಿಂದ ಎಂಟು. ಹಲಗಾದ ಸೈರನ್ ಕೂಗೋದೂ ಸುಮಾರು ಅದೇ ಹೊತ್ತಲ್ಲೇ ತಾನೇ?

ಗೌರವಧನಕ್ಕೆ ದುಡಿಯೋ ಮೇಲ್ವಿಚಾರಕರನ್ನ ರಾತ್ರಿ ಎಂಟರವರೆಗೆ ಕೂರಿಸೋದು ನ್ಯಾಯವಲ್ಲ, ಅದರಲ್ಲೂ ಹೆಣ್ಣುಮಕ್ಕಳು ಬಹಳ ಜನ ಇದ್ದಾರೆ. ಹೊತ್ತನ್ನ ಹಿಂದೆ ಮುಂದೆ ಮಾಡಬಹುದು. ಬೆಳಗ್ಗೆ ಹತ್ತಕ್ಕೆ ಮಕ್ಕಳೆಲ್ಲ ಸ್ಕೂಲಲ್ಲಿ ಇರುವಾಗ ಬಾಗಿಲು ತೆಗೆದು ಯಾರಿಗೆ ಕಾಯೋದು? ಇಲ್ಲಾಂದ್ರೆ ಸಂಜೆ ಎರಡು ಗಂಟೆಯನ್ನ ಊರಿನ ಸ್ವಸಹಾಯ ಸಂಘವೋ, ಕಾಲೇಜು ಹುಡುಗರೋ ವಹಿಸ್ಕೊಳ್ಳಬಹುದು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಲೈಬ್ರರಿಗಳನ್ನ ಸೇರಿಸಿ ಸಂಘ ಕಟ್ಟಿದಾಗ ಅದಕ್ಕೆ ಆಧಾರ ಊರಿನವರೇ. ಇವತ್ತಿಗೂ ಅಲ್ಲಿನ ಹಳ್ಳಿ ಲೈಬ್ರರಿಗಳಿಗೆ ಜೀವ ಬರೋದು ಸಂಜೆ ಮೇಲೆ. ನಮ್ಮಲ್ಲೂ ಒಬ್ಬರೇ ಊರಷ್ಟು ಕೆಲಸ ಮಾಡಿರೋದು ಇದೆ. ಪಾಂಡವಪುರ ತಾಲೂಕು ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದಲ್ಲೇ ಪುಸ್ತಕ ಕೊಂಡು 20 ಲಕ್ಷದ 'ಪುಸ್ತಕ ಮನೆ' ಕಟ್ಟಿದ್ರು, 2026ರಲ್ಲಿ ಪದ್ಮಶ್ರೀ ಘೋಷಣೆ ಆಯ್ತು. ಆದ್ರೆ ಪ್ರತಿ ತಾಲೂಕಿಗೆ ಒಬ್ಬ ಅಂಕೇಗೌಡರು ಹುಟ್ಲಿ ಅಂತ ಕಾಯೋಕಾಗಲ್ಲ.

ಅಂಗಡಿಯವರು ಮಾಡಬಹುದಾದ್ದು ಇದೆ. ನಮ್ಮ ಕಡೆ ಬಹಳ ಜನ ಕನ್ನಡ ಓದು ಕಲ್ತಿದ್ದು ಸ್ಕೂಲಲ್ಲಿ ಅರ್ಧ, ಬೋಂಡಾ ಕಟ್ಟಿದ ಪೇಪರಲ್ಲಿ ಅರ್ಧ. ಎಣ್ಣೆ ಹಿಂಡಿ ಪೊಟ್ಟಣ ಬಿಡಿಸಿ ಹಳೇ ಸುದ್ದಿ ಓದಿದವರು ನಲವತ್ತು ದಾಟಿದವರೆಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಪೇಪರಲ್ಲಿ ತಿಂಡಿ ಕಟ್ಟಬೇಡಿ ಅಂತ 2016ರಲ್ಲೇ ಹೇಳಿದೆ, ಶಾಯಿ ವಿಷ, ಅದು ಸರಿಯೇ. ಪೊಟ್ಟಣದ ಲೈಬ್ರರಿ ಮಾತ್ರ ಮುಚ್ಚಿತು. ಕಟಿಂಗ್ ಶಾಪಲ್ಲಿ, ಹೋಟೆಲಲ್ಲಿ ಪೇಪರ್ ಇರ್ತಿತ್ತು, ಒಂದೇ ಪೇಪರನ್ನ ನಾಲ್ಕು ಭಾಗ ಮಾಡಿ ನಾಲ್ಕು ಜನ ಹಿಡ್ಕೊಂಡಿರ್ತಿದ್ರು, ಒಬ್ಬರು ಗಟ್ಟಿಯಾಗಿ ಓದ್ತಿದ್ರು. ಈಗ ಅಲ್ಲೂ ಗೋಡೆಗೆ ಟಿವಿ. ಒಂದು ಟೀ ದುಡ್ಡಲ್ಲಿ ಒಂದು ಪೇಪರ್ ಬರುತ್ತೆ. ಗಲ್ಲಾ ಪಕ್ಕ ಒಂದು ಪೇಪರ್, ಅಕ್ಕಿ ಮೂಟೆ ಪಕ್ಕ ಅರಿವು ಕೇಂದ್ರದಿಂದ ತಂದ ನಾಲ್ಕು ಮಕ್ಕಳ ಪುಸ್ತಕ. ಗಿರಾಕಿ ಇಲ್ಲದ ಹತ್ತು ನಿಮಿಷದಲ್ಲಿ ಮಗು ಎರಡು ಪುಟ ಗಟ್ಟಿಯಾಗಿ ಓದಲಿ, ನೀವು ತೆಲುಗಲ್ಲಿ ಅರ್ಥ ಹೇಳಿ. ಇದಕ್ಕೆ ಸೈರನ್ ಬೇಡ.

ಇನ್ನು ದುಡ್ಡಿನ ಮಾತು. ಮನೆಗೋ ಅಂಗಡಿಗೋ ಕಂದಾಯ ಕಟ್ಟಿದ ರಸೀದಿ ಇದ್ರೆ ತೆಗೆದು ನೋಡಿ. ಕಂದಾಯದ ಕೆಳಗೆ 'ಗ್ರಂಥಾಲಯ ಕರ' ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು, ಈಗ ಕಂದಾಯದ ಮೇಲೆ ಶೇ 6. 1,500 ರೂಪಾಯಿ ಕಂದಾಯ ಕಟ್ಟೋ ಅಂಗಡಿಯವರು 90 ರೂಪಾಯಿ ಲೈಬ್ರರಿಗೆ ಅಂತಲೇ ಕೊಟ್ಟಿರ್ತೀರಿ. ಸಾವಿರ ಮನೆ-ಅಂಗಡಿ ಇರೋ ಪಂಚಾಯಿತಿಯಲ್ಲಿ ಸರಾಸರಿ ಸಾವಿರ ರೂಪಾಯಿ ಕಂದಾಯ ಬಂತು ಅಂದ್ಕೊಳ್ಳಿ, ಲೈಬ್ರರಿ ಪಾಲು ವರ್ಷಕ್ಕೆ 60,000. ನೂರು ರೂಪಾಯಿ ಪುಸ್ತಕ ಅಂದ್ರೂ ಆರುನೂರು ಪುಸ್ತಕ. ಅಷ್ಟು ಪುಸ್ತಕ ನಿಮ್ಮ ಪಂಚಾಯಿತಿಗೆ ಕಳೆದ ವರ್ಷ ಬಂತಾ? ಅಥವಾ ಸಂಜೆ ದೀಪಕ್ಕೆ, ಸಂಜೆ ಕೂರೋರಿಗೆ ಖರ್ಚಾಯ್ತಾ?

ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಜೊತೆ ಇದನ್ನೂ ಕೇಳಬಹುದು. ಕರದ ಲೆಕ್ಕ ಒಂದು, ಬಾಗಿಲು ತೆಗೆಯೋ ಹೊತ್ತು ಇನ್ನೊಂದು. ದೊಡ್ಡವರಿಗೆ ಪುರುಸೊತ್ತಿಲ್ಲ ಅಂದ್ರೆ ನವೆಂಬರ್ ಹೊತ್ತಿಗೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ. ಸ್ಕೂಲಿಂದ ಮಕ್ಕಳನ್ನ ಸಾಲಾಗಿ ಕರ್ಕೊಂಡು ಬಂದು ಕೂರಿಸ್ತಾರೆ, ಶೌಚಾಲಯ, ಆಟದ ಮೈದಾನದ ಬಗ್ಗೆ ಕೇಳಿಸ್ತಾರೆ. ಈ ಸಲ ಒಂದು ಮಗುವಿನ ಕೈಗೆ ಅಪ್ಪನ ಕಂದಾಯ ರಸೀದಿ ಕೊಟ್ಟು ಕಳಿಸಿ.